ಸೋತವರು ಕಣ ಬಳಿಯಬೇಕು

ಹೊರಡುವ ಮುಂಚೆ

ನೇಪಾಳಕ್ಕೆ ಹೋಗಿ ಬಂದವರೆಲ್ಲ ಹಿಮಾಲಯದ ಮಾತಾಡುತ್ತಾರೆ. ನಾವು ಹೋದಾಗ ಮೋಡ ಮುಸುಕಿತ್ತು, ಹಿಮಾಲಯ ಕಾಣಲಿಲ್ಲ. ನಾವು ನೋಡಿ ಬಂದದ್ದು ಫುಟ್‌ಬಾಲ್. ಹೀಗೆಂದರೆ ಮೂಡಿಗೆರೆ ಕಡೆಯ ನಮ್ಮ ನೆಂಟರು ಈಗಲೂ ನಗುತ್ತಾರೆ. ಆದ್ದರಿಂದ ಮೊದಲಿನಿಂದ ಹೇಳುವುದೇ ಒಳ್ಳೆಯದು.

ನಮ್ಮ ತೋಟ ಕೊಟ್ಟಿಗೆಹಾರದ ಹತ್ತಿರ. ದೊಡ್ಡ ಎಸ್ಟೇಟೇನಲ್ಲ. ಆದರೆ ಕಾಫಿ ಒಣಗಿಸುವ ಕಣ ಮಾತ್ರ ದೊಡ್ಡದು. ಮಣ್ಣಿನ ಕಣ, ಸಗಣಿ ಬಳಿದು ಗಟ್ಟಿ ಮಾಡಿದ್ದು. ಒಣಗಿದ ಕಾಫಿ ಸಿಪ್ಪೆ ಬಿಡಿಸಲು ಚಿಕ್ಕಮಗಳೂರಿನ ಕ್ಯೂರಿಂಗ್ ಕಾರ್ಖಾನೆಗೆ ಹೋಯಿತೆಂದರೆ ಮುಂದಿನ ಕೊಯ್ಲಿನ ತನಕ ಕಣಕ್ಕೆ ಕೆಲಸವಿಲ್ಲ. ಆ ಖಾಲಿ ಕಣದಲ್ಲಿ ನಮ್ಮ ಮಾವನವರು ಮಳೆಗಾಲವಿಡೀ ಫುಟ್‌ಬಾಲ್ ಆಡಿಸುತ್ತಿದ್ದರು. ಒಂದು ಕಡೆ ನಮ್ಮ ತೋಟದವರು, ಇನ್ನೊಂದು ಕಡೆ ಕೊಟ್ಟಿಗೆಹಾರದ ಅಂಗಡಿ, ಹೋಟೆಲು, ಗ್ಯಾರೇಜಿನವರು. ಅವರ ಕ್ಯಾಪ್ಟನ್ ಜೀಪ್ ಮೆಕ್ಯಾನಿಕ್ ಹಸನಬ್ಬ. ನಮ್ಮ ಕ್ಯಾಪ್ಟನ್ ಮಾವ. ರೆಫರಿಯೂ ಮಾವನೇ. ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ತಾವೇ ಓಡಿ, ತಾವೇ ಬಿದ್ದು, ತಾವೇ ಫೌಲ್ ಕೊಟ್ಟುಕೊಳ್ಳುತ್ತಿದ್ದರು. "ಗೌಡ್ರು ಬಿದ್ರೆ ಫೌಲು, ನಾವು ಬಿದ್ರೆ ಜಾರಿಕೆ" ಎಂದು ಹಸನಬ್ಬ ಇವತ್ತಿಗೂ ಹೇಳುತ್ತಾರೆ.

ಇದಕ್ಕೊಂದು ಕಟ್ಟಳೆಯಿತ್ತು. ಮಳೆಗಾಲವೆಲ್ಲ ಆಡಿದರೆ ಕಣ ಕಿತ್ತು ಕೆಸರಾಗುತ್ತದಲ್ಲ, ಅದನ್ನು ಕೊಯ್ಲಿಗೆ ಮುಂಚೆ ಸರಿ ಮಾಡಬೇಕು. ಕೊನೆಯ ಆಟದಲ್ಲಿ ಸೋತವರು ಕಣ ಬಳಿಯಬೇಕು. ಗೆದ್ದವರು ಬಕೆಟ್ಟಿನಲ್ಲಿ ಸಗಣಿ ನೀರು ಹೊತ್ತು ಕೊಡಬೇಕು. ಹಾಗಾಗಿ ಗೆದ್ದೆವೆಂದು ಮೀಸೆ ತಿರುವುತ್ತಾ ಮನೆಗೆ ಹೋಗುವ ಹಾಗಿರಲಿಲ್ಲ.

ಮಾವ ತೀರಿಕೊಂಡ ಮೇಲೆ ಒಂದೇ ಒಂದು ದಿನ ಆಟ ನಡೆಯಿತು. ಮಾರನೆಯ ಬೆಳಗ್ಗೆ ನೋಡಿದರೆ ಅತ್ತೆ ತಮ್ಮ ಡೇರೆ ಹೂವಿನ ಗಿಡದ ಡಬ್ಬಗಳನ್ನೆಲ್ಲ ತಂದು ಕಣದ ನಟ್ಟನಡುವೆ ಸಾಲಾಗಿ ಇಡಿಸಿದ್ದರು. ಯಾಕೆಂದು ಯಾರೂ ಕೇಳಲಿಲ್ಲ. ನಮ್ಮ ಅತ್ತೆ ಕೂಗಾಡುವವರಲ್ಲ, ಆದರೆ ಅವರು ಇಟ್ಟ ಡಬ್ಬವನ್ನು ಎತ್ತುವ ಗಂಡಸು ಆ ಸುತ್ತಿನಲ್ಲಿ ಇಲ್ಲ. ಮುಂದಿನ ಮಳೆಗಾಲಗಳಲ್ಲೂ ಅದೇ ಆಯಿತು. ಕೊಟ್ಟಿಗೆಹಾರದವರು ಬಂದು, ಹೂ ನೋಡಿ, ಕಾಫಿ ಕುಡಿದು ವಾಪಸ್ ಹೋಗುತ್ತಿದ್ದರು.

ನಮ್ಮವರಿಗೆ ಅಪ್ಪನ ಆಟ ಮತ್ತೆ ನಡೆಯಬೇಕೆಂಬ ಆಸೆ. ಆನೆ ಬಂದರೆ ಟಾರ್ಚು ಹಿಡಿದು ಎದುರು ನಿಲ್ಲುವ ಮನುಷ್ಯ, ಅವ್ವನ ಎದುರು ಮಾತ್ರ ಬಾಯಿ ಬಿಡಲಾರರು. ಅಂಥ ಹೊತ್ತಿಗೆ ಪೇಪರಿನಲ್ಲಿ ಬಂತು: ದಕ್ಷಿಣ ಏಷ್ಯಾದ ದೇಶಗಳೆಲ್ಲ ಸೇರಿ ಮೊಟ್ಟಮೊದಲ ಕ್ರೀಡಾಕೂಟ ಮಾಡುತ್ತಿವೆ, ಕಠ್ಮಂಡುವಿನಲ್ಲಿ, ಎಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ, ಫುಟ್‌ಬಾಲೂ ಇದೆ. ನಮ್ಮವರು ಪೇಪರು ಮಡಿಸಿಟ್ಟು ನನಗೆ ಪಿಸುಗುಟ್ಟಿದರು.

"ಅವ್ವಂಗೆ ಪಶುಪತಿನಾಥನ್ನ ತೋರಿಸ್ತೀನಿ ಅಂತ ಕರ್ಕೊಂಡು ಹೋಗೋಣ. ಅಲ್ಲಿ ಇಂಡಿಯಾ ಆಡೋದು ನೋಡಿದ್ರೆ ಮನಸ್ಸು ಕರಗ್ತದೆ. ಆಗ ಕಣದ ಮಾತು ತೆಗೀತೀನಿ."

ಹಸನಬ್ಬ ತಮ್ಮ ಜೀಪಿನಲ್ಲೇ ನಮ್ಮನ್ನು ಕಡೂರು ಸ್ಟೇಷನ್ನಿಗೆ ಬಿಟ್ಟರು. ಗುಟ್ಟು ಅವರಿಗೂ ಗೊತ್ತಿತ್ತು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ, "ಅಮ್ಮಾ, ದೇವರ ಹತ್ರ ಎಲ್ಲ ಬೇಡ್ಕೊಂಡ ಮೇಲೆ ನಮ್ಮ ಕಣದ ಬಗ್ಗೆನೂ ಒಂದು ಮಾತು ಹೇಳಿ" ಎಂದುಬಿಟ್ಟರು.

ಅತ್ತೆ ರಸ್ತೆ ನೋಡುತ್ತಲೇ, "ಮಳೆ ಬಿಟ್ಟಿದೆ ಹಸನಬ್ಬ. ಡೇರೆಗೆ ನೀರು ಹಾಕ್ಸೋದು ಮರೀಬೇಡ" ಎಂದರು.

ರಕ್ಸೌಲ್

ಪರದೇಶಕ್ಕೆ ಕಾಲಿಡುವಾಗ ಉಡಲೆಂದು ಅತ್ತೆ ಹೊಸ ಸೀರೆ ತಂದಿದ್ದರು. ಗಡಿಯ ರಕ್ಸೌಲಿನಲ್ಲಿ ರೈಲಿನಿಂದ ಇಳಿದವರೇ ಸ್ಟೇಷನ್ನಿನ ಹೆಂಗಸರ ಕೋಣೆಗೆ ಹೋಗಿ ಅದನ್ನು ಉಟ್ಟು ಬಂದರು. ಟಾಂಗಾ ಒಂದು ಸಣ್ಣ ಸೇತುವೆ ದಾಟಿತು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು.

"ಪರದೇಶ ಎಲ್ಲಿ ಮಂಜ?"

"ಬಂದಾಯ್ತು ಅವ್ವ. ಇದೇ."

"ಇದಾ? ಅದೇ ಎಮ್ಮೆ, ಅದೇ ಸೈಕಲ್ಲು, ಅದೇ ಕೊಚ್ಚೆ. ಇದಕ್ಕೆ ಹೊಸ ಸೀರೆ ಯಾಕೆ ಬೇಕಿತ್ತು!"

ಗಡಿಯ ಚೌಕಿಯವನಿಗೆ ನಮ್ಮ ಬಟ್ಟೆಬರೆ ಬೇಕಾಗಿರಲಿಲ್ಲ. ಅವನ ಕಣ್ಣು ಬಿದ್ದದ್ದು ಅತ್ತೆಯ ಕಾಫಿಪುಡಿ ಡಬ್ಬದ ಮೇಲೆ. ಮುಚ್ಚಳ ತೆಗೆದು ಮೂಸಿದ, ಬೆರಳಲ್ಲಿ ಮುಟ್ಟಿ ನಾಲಿಗೆಗಿಟ್ಟುಕೊಂಡ, ಮುಖ ಹಿಂಡಿದ. ನಾನು ಹಿಂದಿ ಪರೀಕ್ಷೆ ಕಟ್ಟಿ ಪಾಸಾದವಳೆಂಬ ಹೆಮ್ಮೆಯಿಂದ ಮುಂದೆ ಹೋಗಿ, ಇದು ಕಾಫಿ, ನಾವೇ ಬೆಳೆದದ್ದು ಎಂದೆ. ಇಷ್ಟೊಂದು ಯಾಕೆ, ಮಾರಲಿಕ್ಕಾ ಎಂದು ಅವನು ಕೇಳಿದ. ಅದನ್ನು ಅತ್ತೆಗೆ ಹೇಳಿದರೆ ಅವರು ನೇರ ಅವನಿಗೇ ಕನ್ನಡದಲ್ಲಿ, "ಮೂರು ಜನಕ್ಕೆ ಇಷ್ಟೂ ಬೇಡ್ವೇನಪ್ಪ? ನೀನು ಮನೇಲಿ ಏನು ಕುಡೀತೀಯ?" ಎಂದರು. ಅವನಿಗೆ ಏನು ಅರ್ಥವಾಯಿತೋ, ಮುಚ್ಚಳ ಹಾಕಿ ಕೈಮುಗಿದ.

ಅಲ್ಲಿಂದ ಬಸ್ಸಿನಲ್ಲಿ ಬೆಟ್ಟ ಹತ್ತಬೇಕು. ಚಾರ್ಮಾಡಿ ಘಾಟಿಯನ್ನು ಕಣ್ಣುಮುಚ್ಚಿ ಇಳಿಸುತ್ತೇನೆಂದು ಜಂಬ ಕೊಚ್ಚುವ ನಮ್ಮವರು ಇಲ್ಲಿ ನಿಜವಾಗಿಯೂ ಕಣ್ಣು ಮುಚ್ಚಿದರು. ಚಾರ್ಮಾಡಿಯ ತಿರುವುಗಳು ಒಂದು ಹೊತ್ತಿಗೆ ಮುಗಿಯುತ್ತವೆ, ಇವು ಇಡೀ ದಿನ ಮುಗಿಯಲಿಲ್ಲ. ಅತ್ತೆ ಮಾತ್ರ ಕಿಟಕಿ ಬಿಡಲಿಲ್ಲ. ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಮಾಡಿದ್ದನ್ನು ನೋಡಿ, "ಇಷ್ಟು ಜಾಗದಲ್ಲಿ ಇವರು ಅನ್ನ ಬೆಳೀತಾರೆ, ನಮ್ಮವರು ಬರೀ ಲಂಟಾನ ಬೆಳೆಸ್ತಾರೆ" ಎಂದು ಮಗನ ಕಡೆ ತಿರುಗಿದರು. ಮಗ ಕಣ್ಣು ತೆರೆಯಲಿಲ್ಲ.

ಲಾಡ್ಜಿನ ಅಂಗಳ

ಹಳೆಯ ಪೇಟೆಯೊಳಗೆ ಒಂದು ಸಣ್ಣ ಲಾಡ್ಜು. ನಡೆಸುತ್ತಿದ್ದವಳು ನನಗಿಂತ ಸ್ವಲ್ಪ ದೊಡ್ಡವಳು. ಎಲ್ಲರೂ ದೀದಿ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಬಾಗಿಲು ದಾಟಿದರೆ ಇಟ್ಟಿಗೆ ಹಾಸಿದ ಅಂಗಳ. ಅತ್ತೆ ಕೈಯಲ್ಲಿ ಚೀಲ ಹಿಡಿದವರು ಹಾಗೇ ನಿಂತುಬಿಟ್ಟರು. ಅಂಗಳದ ಅಂಚಿಗೆ ಉದ್ದಕ್ಕೂ ಡೇರೆ ಹೂಗಳು. ಕೆಂಪು, ಹಳದಿ, ಊಟದ ತಟ್ಟೆಯಷ್ಟು ದೊಡ್ಡವು.

"ಸುಶೀಲ, ಇವು ನಮ್ಮನೆಯವು!" ಎಂದು ನನ್ನ ತೋಳು ಹಿಡಿದರು.

ಪರದೇಶದ ಪಲ್ಟನ್ನಿಗೆ ಹೋದ ಸಿಪಾಯಿಗಳು ರಜೆಗೆ ಬರುವಾಗ ಇದರ ಗೆಡ್ಡೆ ತಂದರಂತೆ, ಹಾಗೆ ಊರೆಲ್ಲ ಹರಡಿತಂತೆ. ದೀದಿ ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದೆ. ಅತ್ತೆಗೆ ಅದು ಬಹಳ ಹಿಡಿಸಿತು. ಪ್ರಯಾಣದ ಸುಸ್ತು ಹೋಯಿತು, ಇಬ್ಬರೂ ಎಲೆ ಮುಟ್ಟಿ ಮುಟ್ಟಿ ಮಾತಾಡತೊಡಗಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲವೆಂಬುದು ನನಗೊಬ್ಬಳಿಗೇ ನೆನಪಿದ್ದಂತಿತ್ತು.

ಎದುರು ಮನೆಯ ಹೆಂಗಸೊಬ್ಬಳು ಹೊಸ್ತಿಲಿಗೆ ಕೆಮ್ಮಣ್ಣು, ಸಗಣಿ ಸೇರಿಸಿ ಬಳಿಯುತ್ತಿದ್ದಳು. ಅದನ್ನು ನೋಡಿ ಅತ್ತೆಯ ಬಾಯಿಂದ ತಟ್ಟನೆ ಬಂತು: "ಇವಳು ಯಾವ ಆಟ ಸೋತ್ಲು?" ಹೇಳಿ ತಾವೇ ನಕ್ಕರು, ನಕ್ಕವರೇ ಚೀಲ ಎತ್ತಿಕೊಂಡು ಒಳಗೆ ಹೊರಟರು. ಇಷ್ಟು ವರ್ಷಗಳಲ್ಲಿ ಆಟವೆಂಬ ಮಾತು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. ನಮ್ಮವರು ನನಗೆ ಕಣ್ಣಲ್ಲೇ ಸನ್ನೆ ಮಾಡಿದರು.

ಅತ್ತೆ ದೀದಿಯ ಅಡುಗೆಮನೆಗೆ ನುಗ್ಗಿ ಡಿಕಾಕ್ಷನ್ ಇಳಿಸಿದರು. ದೀದಿ ಅದನ್ನು ಮೂಸಿ ಔಷಧಿ ಎಂದುಕೊಂಡು, ಕೆಮ್ಮುತ್ತಿದ್ದ ತನ್ನ ಮುದಿ ಮಾವನಿಗೆ ಚಮಚದಲ್ಲಿ ಕುಡಿಸಿದಳು. ಮಾರನೆಯ ಬೆಳಗ್ಗೆ ಮುದುಕ ಲೋಟ ಹಿಡಿದು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೆಮ್ಮು ಹೋಗಿತ್ತೋ ಇಲ್ಲವೋ, ಚಟವಂತೂ ಹತ್ತಿತ್ತು.

ಸಂಜೆ ಬೀದಿಯ ಅಂಗಡಿಯವರೆಲ್ಲ ಬಾಗಿಲು ಹಾಕಿ ಅದೇ ಅಂಗಳದಲ್ಲಿ ಚೆಂಡಾಡಿದರು. ಊರಿಗೆಲ್ಲ ಕ್ರೀಡಾಕೂಟದ ಹುಚ್ಚು. ಚೆಂಡು ಹೋಗಿ ಬಿದ್ದು ಒಂದು ಡೇರೆ ಮುರಿಯಿತು. ದೀದಿ ಸೌಟು ಹಿಡಿದೇ ಹೊರಗೆ ಬಂದು ಎಲ್ಲರಿಗೂ ಬೈದಳು. ಬೈಗುಳಕ್ಕೆ ದುಭಾಷಿ ಬೇಡ. ಬೈದಾದ ಮೇಲೆ ಮುರಿದ ಹೂವನ್ನು ಗೋಡೆಗೂಡಿನ ಗಣೇಶನಿಗೆ ಇಟ್ಟಳು, ಚೆಂಡಿನ ಮಣ್ಣನ್ನು ತನ್ನ ಸೆರಗಿನಲ್ಲೇ ಒರೆಸಿ ಅವರಿಗೆ ಎಸೆದಳು. ಅತ್ತೆ ಮೇಲಿನ ಕಿಟಕಿಯಿಂದ ನೋಡುತ್ತಿದ್ದರು.

"ಹೂ ಮುರಿದ್ರೂ ಚೆಂಡು ವಾಪಸ್ ಕೊಟ್ಳಲ್ಲ" ಎಂದರು.

ಪಶುಪತಿ

ಪಶುಪತಿನಾಥನ ಪೂಜೆ ಮಾಡುವವರು ನಮ್ಮ ಘಟ್ಟದ ಕೆಳಗಿನ ಭಟ್ಟರೆಂದು ಕೇಳಿದ್ದೆವು. ಅದು ಸುಳ್ಳಲ್ಲ. ದರ್ಶನ ಮುಗಿಸಿ ಬರುವಾಗ ನಮ್ಮ ಮಾತು ಕೇಳಿ ಒಬ್ಬರು ತಡೆದು ನಿಲ್ಲಿಸಿದರು. ಭಟ್ಟರೊಬ್ಬರ ಮನೆಗೆ ಉಡುಪಿ ಕಡೆಯಿಂದ ಬಂದ ನೆಂಟರು. ಅಷ್ಟು ದೂರದಲ್ಲಿ ಕನ್ನಡ ಕೇಳಿ ಅತ್ತೆಯ ಕಣ್ಣು ತೇವವಾಯಿತು.

"ಕೊಟ್ಟಿಗೆಹಾರವಾ? ಅಲ್ಲಿ ಇಳಿದು ನೀರುದೋಸೆ ತಿಂದದ್ದುಂಟು" ಎಂದು ಅವರು ಹಿಗ್ಗಿದರು. "ಮತ್ತೆ, ಆಟ ನೋಡ್ಲಿಕ್ಕೆ ಬಂದದ್ದಾ? ಊರಿಡೀ ಅದೇ ಗೌಜಿ."

ನಮ್ಮವರು ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಿಲ್ಲ. "ಇಂಡಿಯಾದ ಫುಟ್‌ಬಾಲ್ ಮ್ಯಾಚ್ ಯಾವತ್ತು?" ಎಂದು ಮೆಲ್ಲಗೆ ಕೇಳಿದರು.

"ಇಂಡಿಯಾದ್ದಾ? ಇಂಡಿಯಾ ಫುಟ್‌ಬಾಲಿಗೆ ಬರ್ಲೇ ಇಲ್ಲ ಮಾರಾಯ್ರೆ! ಓಟಕ್ಕೆ, ಈಜಿಗೆ ಎಲ್ಲ ಬಂದಿದ್ದಾರೆ. ಫುಟ್‌ಬಾಲಿಗೆ ನಾಲ್ಕೇ ದೇಶ. ನೇಪಾಳ, ಬಾಂಗ್ಲಾ, ಭೂತಾನ, ಮಾಲ್ಡೀವ್ಸ್."

ಇಂಡಿಯಾ ಹೋಗುವ ಕೂಟದಲ್ಲಿ ಫುಟ್‌ಬಾಲ್ ಇದ್ದರೆ ಇಂಡಿಯಾ ಆಡದೆ ಇರುತ್ತದೆಯೇ ಎಂದುಕೊಂಡು, ಯಾರನ್ನೂ ಕೇಳದೆ, ದೇಶದ ಒಂದು ತುದಿಯಿಂದ ಇನ್ನೊಂದು ತುದಿ ದಾಟಿ ಬಂದಿದ್ದೆವು. ನಮ್ಮವರ ಮುಖ ಆಲಿಕಲ್ಲು ಬಿದ್ದ ಕಾಫಿ ಹೂವಿನಂತಾಯಿತು. ನೆಂಟರು ಆಚೆ ಹೋಗುವ ತನಕ ಅತ್ತೆ ಕಾದರು.

"ಮಂಜ, ನನ್ನ ಕರ್ಕೊಂಡು ಬಂದಿದ್ದು ದೇವರಿಗೋ, ಚೆಂಡಿಗೋ?"

"ಎರಡಕ್ಕೂ ಅವ್ವ."

"ದೇವಸ್ಥಾನದಲ್ಲಿ ನಿಂತಿದ್ದೀಯ."

"ಚೆಂಡಿಗೆ."

ಇನ್ನು ಕಣದ ಮಾತು ಮುಗಿದಂತೆಯೇ. ಅತ್ತೆ ಪ್ರಸಾದದ ಬಿಲ್ವಪತ್ರೆಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ಹೆಣ್ಣು ಇಲ್ಲದ ಮನೆಗೆ ಹೆಣ್ಣು ನೋಡಕ್ಕೆ ಹೋದ ಹಾಗಾಯ್ತು. ನಿಮ್ಮಪ್ಪನ ಮಗನೇ ಸರಿ ನೀನು. ಬಂದಿದ್ದಾಗಿದೆ, ನೀವಿಬ್ರೂ ನೋಡ್ಕೊಂಡು ಬನ್ನಿ. ನಾನು ಬರಲ್ಲ."

ಐದು ಸೊನ್ನೆ

ನಾವಿಬ್ಬರೂ ದೀದಿಯ ಜೊತೆ ಹೋದೆವು. ನೇಪಾಳಕ್ಕೂ ಬಾಂಗ್ಲಾಕ್ಕೂ ಆಟ. ದೀದಿಯ ಅನ್ನ ತಿಂದಿದ್ದೇವೆ, ಆದ್ದರಿಂದ ನಮ್ಮದು ನೇಪಾಳ ಎಂದು ನಮ್ಮವರು ತೀರ್ಮಾನಿಸಿದರು. ಅವರ ಬೆಂಬಲ ಸಿಕ್ಕಿದ್ದೇ ತಡ, ನೇಪಾಳ ಒಂದೂ ಹೊಡೆಯದೆ ಐದು ಗೋಲು ತಿಂದಿತು. ತುಂಬಿದ ಸ್ಟೇಡಿಯಂ ಸಾವಿನ ಮನೆಯಂತಿತ್ತು. ವಾಪಸ್ ಬಂದವಳೇ ದೀದಿ ಅಂಗಳದಲ್ಲಿ ಕಾಲು ಚಾಚಿ ಕೂತುಬಿಟ್ಟಳು.

ಅತ್ತೆ ಮೇಲಿನಿಂದ ಇಳಿದು ಬಂದು, ಅವಳಿಗೆ ಕಾಫಿ ಕೊಟ್ಟು, ಪಕ್ಕದಲ್ಲೇ ಕೂತರು. "ನಮ್ಮ ಕಡೆ ಸೋತವರು ಕಣ ಬಳೀಬೇಕು ಅಂತ ಹೇಳೇ ಇವಳಿಗೆ" ಎಂದರು. ನಾನು ಕಣವೆಂದರೇನು, ಬಳಿಯುವುದೆಂದರೇನು ಎಂದೆಲ್ಲ ನನ್ನ ಪರೀಕ್ಷೆಯ ಹಿಂದಿಯಲ್ಲಿ ಹೆಣಗಿ ಹೇಳಿದೆ. ದೀದಿ ಕಣ್ಣೊರೆಸಿಕೊಂಡು ನಕ್ಕಳು. ಬೆಳಗ್ಗೆ ಎದ್ದು ನೋಡುತ್ತೇನೆ, ದೀದಿ ತನ್ನ ಮನೆಯ ಹೊಸ್ತಿಲು ಬಳಿಯುತ್ತಿದ್ದಾಳೆ, ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಮ್ಮಣ್ಣು ಕಲಸಿ ಕೊಡುತ್ತಿದ್ದಾರೆ. ಕೆಲಸ ಮುಗಿಸಿ ದೀದಿ ಹೇಳಿದಳು: ಅದೇ ಎರಡು ತಂಡ ಕೊನೆಯ ಆಟದಲ್ಲಿ ಮತ್ತೆ ಎದುರಾಗುತ್ತವೆ, ಈ ಸಲ ತಾಯಿ ಬರಲೇಬೇಕು. ತಮ್ಮ ಜೊತೆ ಮಣ್ಣು ಮೆತ್ತಿಕೊಂಡವಳ ಮಾತಿಗೆ ಅತ್ತೆ ಇಲ್ಲವೆನ್ನಲಿಲ್ಲ.

ಕೊನೆಯ ಆಟ

ಐದು ತಿಂದವರು ಏನು ಗೆಲ್ಲುತ್ತಾರೆಂದು ಮನೆಯಲ್ಲೇ ಉಳಿಯಬಹುದಿತ್ತು. ಕಠ್ಮಂಡುವಿನ ಜನ ಉಳಿಯಲಿಲ್ಲ, ಮೊದಲಿಗಿಂತ ಹೆಚ್ಚು ಬಂದಿದ್ದರು. ಕಡಲೆಕಾಯಿ ಸುಲಿಯುತ್ತಾ, ಪಕ್ಕದವರಿಗೆ ಹಂಚುತ್ತಾ, ಗುರುತಿಲ್ಲದ ನಮಗೂ ಜಾಗ ಮಾಡಿಕೊಟ್ಟರು. ಅತ್ತೆ ಚಕ್ಕುಲಿ ಡಬ್ಬ ತೆಗೆದರು. ಅದು ಸಾಲಿನ ತುದಿ ತಲುಪಿ, ಖಾಲಿಯಾಗಿ, ಕಡಲೆಕಾಯಿ ತುಂಬಿಕೊಂಡು ವಾಪಸ್ ಬಂತು.

ಆಟ ಶುರುವಿನ ಸೀಟಿ ಊದಿದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಬಿಗಿಯಾಗಿ ಹಿಡಿದಿದ್ದರು, ಬಿಡಲಿಲ್ಲ. ಅರ್ಧ ಆಟದ ಸೀಟಿ ಊದಿತು. ಅತ್ತೆ ಎದ್ದು ನಿಂತರು.

"ಎಲ್ಲಿಗೆ ಅತ್ತೆ?"

"ನೀರಿಡಕ್ಕೆ" ಎಂದರು. ಹೇಳಿದ ಮೇಲೆ ತಾವೆಲ್ಲಿದ್ದೇವೆಂದು ನೆನಪಾಗಿ ಹಾಗೇ ಕೂತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಅವ್ರು ಅರ್ಧ ಆಟಕ್ಕೆ ಸೀಟಿ ಊದಿದ್ರೆ ನಾನು ಕಾಫಿಗೆ ನೀರಿಡ್ತಿದ್ದೆ. ಅದೇ ಗುರುತು. ಅವ್ರು ತೀರ್ಕೊಂಡ ವರ್ಷ ಇವರೆಲ್ಲ ಆಡಿದ್ರಲ್ಲ, ಅವತ್ತೂ ಯಾರೋ ಊದಿದ್ರು. ನೀರಿಟ್ಟೆ, ಸೋಸಿದೆ, ಅವ್ರ ಲೋಟಕ್ಕೂ ಬಗ್ಗಿಸಿದೆ. ಎಲ್ಲರೂ ಬಂದ್ರು, ಅವ್ರು ಬರಲಿಲ್ಲ. ಲೋಟ ಹಿಡ್ಕೊಂಡು ಎಷ್ಟು ಹೊತ್ತು ನಿಂತಿದ್ನೋ. ಇನ್ನೊಂದು ಸಲ ಆ ಸೀಟಿ ಕೇಳಕ್ಕೆ ನನ್ನ ಕೈಲಾಗಲ್ಲ ಅನ್ನಿಸ್ತು ಸುಶೀಲ. ಅದಕ್ಕೇ ಡಬ್ಬ ಇಟ್ಟೆ."

ಅವತ್ತು ಅಡುಗೆಮನೆಯಲ್ಲಿ ನಾನೂ ಇದ್ದೆ. ಒಲೆ ಕಡೆ ತಿರುಗಿ ಉದ್ದಿನವಡೆ ಕರಿಯುತ್ತಿದ್ದೆ. ನನ್ನ ಬೆನ್ನ ಹಿಂದೆಯೇ ಇದೆಲ್ಲ ನಡೆದಿತ್ತು. ನನಗೆ ಅಳು ತಡೆಯಲಾಗಲಿಲ್ಲ.

ಈ ಮಾತು ಒಂದೂ ಅರ್ಥವಾಗದ ದೀದಿ ಆ ಹೊತ್ತಿಗೆ ತನ್ನ ಫ್ಲಾಸ್ಕು ತೆಗೆದಳು. ಮುಚ್ಚಳಕ್ಕೆ ಚಹಾ ಬಗ್ಗಿಸಿ, ಮೊದಲು ಅತ್ತೆಯ ಮುಂದೆ ಹಿಡಿದಳು. "ಲಿನುಸ್ ಆಮಾ" ಎಂದಳು. ತಗೊಳ್ಳಿ ಅಮ್ಮ ಎಂದು. ಅತ್ತೆ ಚಹಾ ಮುಟ್ಟುವವರಲ್ಲ, ಅದು ಜ್ವರ ಬಂದವರು ಕುಡಿಯುವುದೆಂದು ಅವರ ನಂಬಿಕೆ. ಅವತ್ತು ತಳದ ತನಕ ಕುಡಿದರು.

"ಸೀಟಿ ಊದಿದ ಮೇಲೆ ನನಗೂ ಒಬ್ರು ತಂದು ಕೊಟ್ರಲ್ಲ" ಎಂದರು.

ಮುಂದಿನ ಆಟವನ್ನು ಬಿಡಿಸಿ ಹೇಳಲು ನನಗೆ ಬಾರದು. ಕಾಲು ಯಾರದು, ತಲೆ ಯಾರದು ಎಂದು ನಮ್ಮವರು ಪಕ್ಕದಲ್ಲಿ ಕಿರುಚುತ್ತಿದ್ದರು. ಕೊನೆಗೆ ನೇಪಾಳ ನಾಲ್ಕು, ಬಾಂಗ್ಲಾ ಎರಡು. ಈ ಕೂಟದ ಮೊಟ್ಟಮೊದಲ ಫುಟ್‌ಬಾಲ್ ಚಿನ್ನ ಆ ಪುಟ್ಟ ದೇಶದ ಪಾಲಾಯಿತು. ಟೋಪಿಗಳು ಆಕಾಶಕ್ಕೆ ಹಾರಿದವು. ಅವುಗಳಲ್ಲೊಂದು ಬಂದು ಅತ್ತೆಯ ಮಡಿಲಿಗೆ ಬಿತ್ತು. ಯಾರದೆಂದು ಎಷ್ಟು ಕೇಳಿದರೂ ಎಲ್ಲರೂ ನಿಮ್ಮದೇ ಎಂದರು. ದೀದಿ ಅತ್ತೆಯನ್ನು ತಬ್ಬಿಕೊಂಡು ಅತ್ತಳು. ನಮ್ಮ ಅತ್ತೆಯನ್ನು ಯಾರಾದರೂ ತಬ್ಬಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜನರ ನಡುವೆ ತಳ್ಳಿಸಿಕೊಂಡು ಬರುವಾಗ ನಮ್ಮವರು ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದರು.

"ಕೇಳಿಬಿಡು ಮಾರಾಯ" ಎಂದರು ಅತ್ತೆ. "ಎಷ್ಟು ವರ್ಷ ಅಂತ ಬಾಯಲ್ಲಿ ಇಟ್ಕೊಂಡಿರ್ತೀಯ?"

"ಕಣ, ಅವ್ವ..."

"ಡಬ್ಬ ಅಂಚಿಗೆ ಇಡಿಸ್ತೀನಿ. ಹೂ ಮುರಿದ್ರೆ ಬೈಸ್ಕೋಬೇಕು. ಸೀಟಿ ನನ್ನ ಪೆಟ್ಟಿಗೇಲಿದೆ, ಕೊಡ್ತೀನಿ. ಆದ್ರೆ ಅರ್ಧ ಆಟದ ಕಾಫಿ ಇನ್ನು ನಾನು ಮಾಡಲ್ಲ. ಆಡೋರೇ ಮಾಡಿ ನನಗೆ ತಂದು ಕೊಡ್ಬೇಕು."

ಕಣ

ಮಾರನೆಯ ಮಳೆಗಾಲದಿಂದ ನಮ್ಮ ಕಣದಲ್ಲಿ ಎರಡು ತಂಡ: ಕೊಟ್ಟಿಗೆಹಾರದವರು ನೇಪಾಳ, ತೋಟದವರು ಬಾಂಗ್ಲಾ. ಇಂಡಿಯಾ ಎಂಬ ಹೆಸರು ಯಾರಿಗೂ ಇಲ್ಲ. "ಆಟಕ್ಕೆ ಬರದೇ ಇದ್ದವರಿಗೆ ಇಲ್ಲಿ ಜಾಗ ಇಲ್ಲ" ಎಂದು ಅತ್ತೆಯ ಅಪ್ಪಣೆ. ಹಸನಬ್ಬ ಆ ಟೋಪಿ ಹಾಕಿಕೊಂಡು, ಮಾವನ ಸೀಟಿ ಕಟ್ಟಿಕೊಂಡು, ತಾವೇ ಕ್ಯಾಪ್ಟನ್, ತಾವೇ ರೆಫರಿ. ಈಗ ಅವರು ಬಿದ್ದರೆ ಫೌಲು. ಅರ್ಧ ಆಟಕ್ಕೆ ಮೈಯೆಲ್ಲ ಕೆಸರಾದವರು ಅಡುಗೆಮನೆಗೆ ಬಂದು ಕಾಫಿ ಸೋಸುತ್ತಾರೆ. ನೆಲದ ಕೆಸರು ಒರೆಸುವ ಕಷ್ಟ ನನ್ನದು. ಅತ್ತೆ ಡೇರೆಗಳ ಪಕ್ಕ ಕುರ್ಚಿ ಹಾಕಿಕೊಂಡು, ಕೈಗೆ ಬಂದ ಲೋಟ ಹಿಡಿದು, ಡಿಕಾಕ್ಷನ್ ನೀರಾಗಿದೆ ಎನ್ನುತ್ತಾರೆ.

ಇಂಡಿಯಾ ಮುಂದಿನ ಕೂಟಕ್ಕೆ ಬಂತು. ಢಾಕಾದಲ್ಲಿ ಬಾಂಗ್ಲಾದವರನ್ನು ಅವರ ಮನೆಯಂಗಳದಲ್ಲೇ ಪೆನಾಲ್ಟಿಯಲ್ಲಿ ಸೋಲಿಸಿ ಚಿನ್ನ ಹೊಡೆಯಿತು. ಅತ್ತೆ ಅದನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಆದರೆ ಎಂಬತ್ತೇಳರಲ್ಲಿ ಕಲ್ಕತ್ತಾದ ಕೂಟದಲ್ಲಿ ಕೊನೆಯ ಆಟ ಬಂದದ್ದು ಇಂಡಿಯಾಕ್ಕೂ ನೇಪಾಳಕ್ಕೂ. ಕೊಯ್ಲಿಗೆ ಕಣ ಸಿದ್ಧ ಮಾಡುವ ಕಾಲ ಅದು. ನಮ್ಮವರು ರೇಡಿಯೋಕ್ಕೆ ಕಿವಿ ಹಚ್ಚಿ ಇಂಡಿಯಾ ಇಂಡಿಯಾ ಎನ್ನುತ್ತಿದ್ದರು. ಅತ್ತೆ ಎದುರು ಕೂತು ಕೈಮುಗಿದುಕೊಂಡಿದ್ದರು. ಯಾರಿಗಾಗಿ ಎಂದು ಹೇಳಬೇಕಾಗಿಲ್ಲ. ಒಂದೇ ಒಂದು ಗೋಲು. ಇಂಡಿಯಾ ಗೆದ್ದಿತು. ನಮ್ಮವರು ಕುಣಿದರು, ಹೊರಗಿನಿಂದ ಹಸನಬ್ಬ ಜೀಪಿನ ಹಾರನ್ ಹೊಡೆದರು.

ಅತ್ತೆ ರೇಡಿಯೋ ಆರಿಸಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಟರು.

"ಎಲ್ಲಿಗೆ ಅವ್ವ?"

"ಕಣಕ್ಕೆ. ಸೋತವಳು ನಾನು ತಾನೇ?"

"ಬೇಡ ಅವ್ವ, ಆಳುಗಳು ಬಳೀತಾರೆ."

"ಕಟ್ಟಳೆ ನಿಮ್ಮಪ್ಪ ಮಾಡಿದ್ದು. ಅಲ್ಲೇ ನಿಂತು ಹಲ್ಲು ಕಿರೀಬೇಡ. ಗೆದ್ದವನು ನೀನು, ಸಗಣಿ ನೀರು ಹೊತ್ತು ತಾ."

ನಮ್ಮವರು ಬಕೆಟ್ಟು ಎತ್ತಿಕೊಂಡರು. ಕಣದ ಮೂಲೆಯಲ್ಲಿ ಅತ್ತೆ ಬಗ್ಗಿ ಬಳಿಯತೊಡಗಿದ್ದನ್ನು ಬಾಗಿಲಿನಿಂದ ನೋಡಿದೆ. ಹಸನಬ್ಬ ಜೀಪಿನಿಂದಿಳಿದು, ಅವರನ್ನು ನೋಡಿ, ತಲೆಯ ಟೋಪಿ ಸರಿ ಮಾಡಿಕೊಂಡು ಮಾವನ ಸೀಟಿ ಒಮ್ಮೆ ಉದ್ದಕ್ಕೆ ಊದಿದರು.

ನಾನು ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.